ಯಾತಕ್ಕೂ ಬಾರದ ಒಂಬತ್ತು ಹಾಡು

ನನ್ನ ಕೆಲಸ ಹೋದದ್ದು ಒಂಬತ್ತು ಹಾಡುಗಳಿಂದ. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಜಾರಿದೆ ಎಂದರೆ ಹೊಂಬಾಳಮ್ಮ ಕೇಳಿಸಿಕೊಂಡು ನಗುತ್ತಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ಯಾರಿಗೆ ಏನು ಅನ್ನಿಸಬೇಕೋ ಅನ್ನಿಸಲಿ. ನನ್ನ ಹೆಸರು ಚೆಲುವಯ್ಯ. ಊರವರ ಬಾಯಲ್ಲಿ ಬೀಗದ ಚೆಲುವಯ್ಯ. ಇಪ್ಪತ್ತೆಂಟು ವರ್ಷ ನಮ್ಮೂರ ಹಾಡುಗಳ ಕಚೇರಿಯಲ್ಲಿ ಪರೀಕ್ಷಕನಾಗಿದ್ದೆ, ಮತ್ತು ಅಷ್ಟೂ ವರ್ಷ ನನ್ನ ಜುಬ್ಬದ ಜೇಬಿನಲ್ಲಿ ಒಂದು ತುಕ್ಕು ಹಿಡಿದ ಬೀಗ ಇರುತ್ತಿತ್ತು.

ನಮ್ಮೂರಲ್ಲಿ ಹಾಡುಗಳಿಗೆ ಕೆಲಸ ಇದೆ. ಹೆಪ್ಪಿನ ಹಾಡು ಹಾಡಿದರೆ ನಾಲ್ಕು ರೊಟ್ಟಿ ತಟ್ಟುವಷ್ಟರಲ್ಲಿ ಹಾಲು ಗಟ್ಟಿ ಮೊಸರಾಗುತ್ತದೆ. ಬೀಗದ ಹಾಡಿಗೆ ಕೀಲಿ ಕಳೆದ ಬೀಗ ತೆರೆದುಕೊಳ್ಳುತ್ತದೆ. ಬಾವಿಯ ಹಾಡಿಗೆ ಕದಡಿದ ನೀರು ತಿಳಿಯಾಗುತ್ತದೆ. ಸೈಕಲ್ ಶಾಪಿನ ಗಫೂರ್ ಸಾಬರು ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಿನಲ್ಲಿ ಅದ್ದಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎರಡು ಸಾಲು ಗುನುಗುತ್ತಿದ್ದರು, ತೂತಿರುವ ಕಡೆ ಟ್ಯೂಬು ತಾನೇ ಉಸ್ಸೆನ್ನುತ್ತಿತ್ತು. ಆದರೆ ಹಾಡುವ ಮೊದಲು ಕಟ್ಟಿದವರ ಹೆಸರು ಹಿಡಿಯಬೇಕು. 'ಇದು ಇಂಥವರ ಹಾಡು' ಎಂದು ಬಾಯಿಬಿಟ್ಟು ಹೇಳದೆ ಶುರು ಮಾಡಿದರೆ ಗಂಟಲು ನೋಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಹಾಡು ಕಟ್ಟಿದವರ ಹೆಸರೆಲ್ಲ ಕಚೇರಿಯ ಮುಂದಿನ ಗೋಡೆಗೆ ಹೊಡೆದ ಕರೀ ಹಲಗೆಯಲ್ಲಿ ಬಿಳೀ ಬಣ್ಣದಲ್ಲಿ ಇರುತ್ತವೆ. ಹಲಗೆಯಲ್ಲಿರುವ ಹೆಸರನ್ನು ಊರು ಹಿಡಿಯಬಹುದು. ಅಳಿಸಿದ ಹೆಸರನ್ನು ಹಿಡಿಯುವಂತಿಲ್ಲ, ಹಿಡಿದು ಹಾಡಿನಿಂದ ಕೆಲಸ ಮಾಡಿಸಿಕೊಂಡರೆ ಹಿಡಿದುಹಾಕುತ್ತಾರೆ. ನಾನು ಚಿಕ್ಕವನಿದ್ದಾಗ ಒಬ್ಬರ ಹೆಸರು ಅಳಿಸಿದ್ದರು. ಯಾರದ್ದು ಎಂದು ಅಮ್ಮನನ್ನು ಕೇಳಿದ್ದೆ. ಅಮ್ಮ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದಳು, ಬಂದ ಮೇಲೂ ಹೇಳಲಿಲ್ಲ.

ಹೊಸ ಹಾಡು ಬಂದರೆ ಅದು ಯಾತಕ್ಕೆ ಬರುತ್ತದೆ ಎಂದು ನೋಡಿ ಬರೆಯುವುದು ನನ್ನ ಕೆಲಸವಾಗಿತ್ತು. ಮೇಜಿನ ಮೇಲೆ ಬೀಗ, ಒಂದು ಲೋಟ ಹಾಲು, ಗಂಟು ಬಿದ್ದ ಹಗ್ಗ, ಕಾಯಿ ಬಾಳೆ, ಎಷ್ಟು ಬೇಯಿಸಿದರೂ ಬೇಯದ ತೊಗರಿ, ತೂತು ಬಿದ್ದ ಟ್ಯೂಬು ಇಷ್ಟನ್ನೂ ಸಾಲಾಗಿ ಇಡುತ್ತಿದ್ದೆ. ಪಕ್ಕದಲ್ಲಿ ಕೇರಿಯಿಂದ ಕೇಳಿ ತಂದ ಒಂದು ಅಳುವ ಕೂಸು. ಟೇಪ್ ರೆಕಾರ್ಡರ್ ಹಾಕಿ ಕಣ್ಣು ಪಿಳುಕಿಸದೆ ಅವನ್ನೇ ನೋಡುತ್ತಿದ್ದೆ. ಯಾವುದು ಅಲುಗಿತೋ ಅದನ್ನು ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದೆ. 'ಬೀಗಕ್ಕೆ.' 'ಹೆಪ್ಪಿಗೆ.' 'ಕೂಸಿಗೆ.' ನಾನು ಬರೆದದ್ದು ಒಂದೂ ತಪ್ಪಿರಲಿಲ್ಲ, ಅದರ ಜಂಭವೂ ನನಗಿತ್ತು.

ಆ ಪುಸ್ತಕದಲ್ಲಿ ಮುನ್ನೂರ ಹನ್ನೆರಡು ಹಾಡು ಹೊಂಬಾಳಮ್ಮನವು. ಎಣ್ಣೆ ಮಿಲ್ಲಿನ ಹಿಂದಿನ ಹೆಂಚಿನ ಮನೆಯಲ್ಲಿ ಒಂದು ಹಳೇ ಹಾರ್ಮೋನಿಯಂ ಇಟ್ಟುಕೊಂಡು ಐವತ್ತು ವರ್ಷ ಊರಿಗೆ ಬೇಕಾದ್ದನ್ನೆಲ್ಲ ಕಟ್ಟಿಕೊಟ್ಟವರು. ಆಮೇಲೆ ಹನ್ನೊಂದು ವರ್ಷ ಒಂದು ಸೊಲ್ಲೂ ಇಲ್ಲ. ಅವರ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಎಪ್ಪತ್ತಾರನೇ ವಯಸ್ಸಿನಲ್ಲಿ ಒಂದು ದಿನ ತರಕಾರಿ ಚೀಲದಲ್ಲಿ ಕ್ಯಾಸೆಟ್ ಹಾಕಿಕೊಂಡು ಕಚೇರಿಗೆ ಬಂದು ನನ್ನ ಮೇಜಿನ ಮೇಲಿಟ್ಟರು. ಒಂಬತ್ತು ಹಾಡು, ಅವರ ಅಡುಗೆಮನೆಯಲ್ಲೇ ಅವರೇ ಹೆಸರು ಹಿಡಿದು ಹಾಡಿ ತುಂಬಿಸಿದ್ದು. ಕ್ಯಾಸೆಟ್ಟಿನ ಚೀಟಿಯಲ್ಲಿ ಪ್ರತಿ ಹಾಡಿನ ಮುಂದೆ ಯಾತಕ್ಕೆ ಎಂದು ಬರೆಯುವ ಜಾಗ ಖಾಲಿ ಇತ್ತು.

"ಯಾವ್ದು ಯಾತಕ್ಕೆ ಅಂತ ಬರ್ದೇ ಇಲ್ವಲ್ಲಮ್ಮ?" ಎಂದೆ.

"ಪರೀಕ್ಷೆ ಮಾಡೋನು ನೀನಲ್ವೇನಪ್ಪ. ಮಾಡು," ಎಂದು ಖಾಲಿ ಚೀಲ ಮಡಚಿಕೊಂಡು ಹೋದರು.

ಹೊಸ ಕ್ಯಾಸೆಟ್ಟನ್ನು ಮೊದಲು ಸೋಮವಾರ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಮೈಕಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಜನ ತಮ್ಮ ತಮ್ಮ ಮನೆಯಲ್ಲಿ ಹಟ ಹಿಡಿದು ಕೂತ ಸಾಮಾನು ತರುತ್ತಾರೆ, ಯಾವುದಕ್ಕಾದರೂ ತಗಲಲಿ ಎಂದು. ಹೊಂಬಾಳಮ್ಮನ ಹಾಡೆಂದರೆ ಕೇಳಬೇಕೇ? ಅಂಗಳ ತುಂಬಿ ರಸ್ತೆಗೆ ಬಂದಿತ್ತು ಜನ. ಮುಚ್ಚಳ ಬಿಗಿದ ಟ್ರಂಕು, ಕುಂಟುವ ಮೇಕೆ, ನಿಂತ ಗಡಿಯಾರ, ಮೊಳೆಯದ ಬೀಜ, ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಕೈಹಿಡಿದು ಎಳೆತಂದ ಅವರ ಅಕ್ಕ. ಮೊದಲನೇ ಸಾಲಿನಲ್ಲಿ ಮೊಸರಿನ ಜವರಮ್ಮ ಒಡೆದ ಮಡಕೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮೊದಲನೇ ಹಾಡು ಮುಗಿಯಿತು. ಏನೂ ಆಗಲಿಲ್ಲ. ಎರಡನೆಯದು, ಮೂರನೆಯದು. ಟ್ರಂಕು ಬಿಗಿದೇ ಇತ್ತು. ಮೇಕೆ ಕುಂಟಿಕೊಂಡೇ ಯಾರದೋ ಸೆರಗು ಮೇಯುತ್ತಿತ್ತು. "ಟೇಪು ಉಲ್ಟಾ ಹಾಕಿದ್ದೀರ ನೋಡಿ," ಎಂದು ಯಾರೋ ಕೂಗಿದರು. ಉಲ್ಟಾ ಹಾಕಿದೆ. "ಸೌಂಡ್ ಜಾಸ್ತಿ ಮಾಡಿ." ಮಾಡಿದೆ. ಒಂಬತ್ತನೆಯದೂ ಮುಗಿದಾಗ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ವಯಸ್ಸಾಯ್ತಲ್ಲ, ಪಾಪ, ಕೈ ಸೋತಿದೆ," ಎಂದರು ಯಾರೋ. ಆ ಪಾಪ ಅನ್ನುವ ಮಾತು ಗುಂಪಿನಲ್ಲಿ ಹಬ್ಬಿತು. ಹೊಂಬಾಳಮ್ಮ ಕಾಂಪೌಂಡಿಗೆ ಒರಗಿ ನಿಂತು ಕಡಲೆಕಾಯಿ ಸುಲಿಯುತ್ತಿದ್ದರು. ಪಾಪ ಎಂದವರ ಕೈಗೂ ನಾಲ್ಕು ಕಾಳು ಹಾಕಿ ಮನೆಗೆ ಹೋದರು.

ನಾನು ಸೋಲೊಪ್ಪುವವನಲ್ಲ. ಹದಿನೆಂಟು ದಿನ ಆ ಒಂಬತ್ತನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಕಿ ನೋಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಬೀಗದ ಮೇಲೆ ತಪ್ಪು ಹೊರಿಸಿ ಬೇರೆ ಬೀಗ ತಂದೆ. ಹಸುವಿನ ಹಾಲು ಬಿಟ್ಟು ಎಮ್ಮೆ ಹಾಲು ತಂದೆ. ಮೂರು ಮನೆಯ ಕೂಸು ಬದಲಾಯಿಸಿದೆ. ತೊಗರಿ ಬೇಯಲಿಲ್ಲ, ಬಾಳೆ ತಾನಾಗಿ ಹಣ್ಣಾಗಿ ಕೊಳೆಯಿತು, ನನ್ನ ಕಣ್ಣು ಉರಿಯತೊಡಗಿತು. ಕೊನೆಗೆ ಸಿಟ್ಟು ಬಂದು ಹೊಂಬಾಳಮ್ಮನ ಮನೆಗೇ ಹೋದೆ.

ಅವರು ಜಗಲಿಯಲ್ಲಿ ಅವರೆಕಾಳು ಇಸುಕುತ್ತಿದ್ದರು. "ಅಮ್ಮ, ಆಟ ಸಾಕು. ಯಾವ್ದು ಯಾತಕ್ಕೆ ಹೇಳಿ. ಬರ್ದು ಕೈ ತೊಳ್ಕೊತೀನಿ," ಎಂದೆ.

"ಎಷ್ಟು ಸಲ ಹಾಕಿ ನೋಡ್ದೆ?"

"ಐವತ್ತಕ್ಕೆ ಮೇಲೆ."

"ಹಂಗಾರೆ ಮೂರನೇ ಹಾಡಲ್ಲಿ ಏನಿದೆ ಹೇಳು."

ಬಾಯಿ ತೆರೆದೆ. ಬೀಗ ಇದ್ದ ಹಾಗೇ ಇತ್ತು, ಹಾಲು ಕೆನೆಕಟ್ಟಿತ್ತು, ಕೂಸು ಕಾಲು ಬಡಿಯುತ್ತಿತ್ತು, ಅದೆಲ್ಲ ನೆನಪಿತ್ತು. ಹಾಡಿನದು ಒಂದು ಪದವೂ ನೆನಪಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಣ್ಣೆದುರು ಸಾವಿರಾರು ಹಾಡು ಹಾದು ಹೋಗಿದ್ದವು, ಅವುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ನನಗೆ ಎಂಥ ನಾಚಿಕೆಯಾಯಿತೆಂದರೆ ಅವರು ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದರೆ ಹೆಂಡತಿ ಅಕ್ಕಿ ಆರಿಸುತ್ತಾ ಏನೋ ಗುನುಗುತ್ತಿದ್ದಳು. ಏನದು ಎಂದೆ. "ನಾಲ್ಕನೇದು. ದಿನಾ ಹಾಕ್ತಿದ್ರಲ್ಲ, ಬೀದಿಗೆಲ್ಲ ಕೇಳಿಸ್ತಿತ್ತು. ನಿಮಗೆ ಬರಲ್ವಾ?" ಎಂದಳು. ನಾನು ಜೇಬಿನಿಂದ ಬೀಗ ತೆಗೆದು ಪೆಟ್ಟಿಗೆಯೊಳಗೆ ಹಾಕಿ, ಕ್ಯಾಸೆಟ್ ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಮೂರನೆಯದರಲ್ಲಿ ಬಸ್ಸಿಗೆ ಕಾಯುತ್ತ ನಿಂತ ಹೆಂಗಸೊಬ್ಬಳು ಮುಂದಿನವಳ ಜಡೆಗೆ ಅಂಟಿದ ಹತ್ತಿಯ ಎಳೆಯೊಂದನ್ನು ನೋಡುತ್ತಾಳೆ. ತೆಗೆಯಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಬಸ್ಸು ಬರುತ್ತದೆ. ಮೂವತ್ತು ವರ್ಷದ ಮೇಲೂ ಆ ಎಳೆ ಅವಳ ಕಣ್ಣಲ್ಲಿದೆ. ಅಷ್ಟೇ ಹಾಡು. ನಾಲ್ಕನೆಯದು ಹೀಗೆ ಶುರುವಾಗುತ್ತದೆ: 'ಗೋಡೆ ಮೇಲೆ ಬಿಸಿಲು ಬಂತು, ಗೋಡೆ ಏನೂ ಅನ್ನಲಿಲ್ಲ, ಬಿಸಿಲು ಕೂಡ ಕೇಳಲಿಲ್ಲ, ಸಂಜೆ ತನಕ ಇಬ್ಬರೂ ಇದ್ದರು.' ಏಳನೆಯದರಲ್ಲಿ ಒಂದು ನಾಯಿ ಬೀದಿ ದಾಟುತ್ತದೆ, ಬೇರೇನೂ ಇಲ್ಲ. ನಾನು ಆವತ್ತು ಊಟಕ್ಕೆ ಏಳಲಿಲ್ಲ.

ಅಷ್ಟು ಹೊತ್ತಿಗೆ ಊರು ಎರಡು ಮೂರು ಪಾಲಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಈ ಹಾಡುಗಳ ಕೆಲಸ ನಿಧಾನಕ್ಕೆ ಕಾಣುತ್ತದೆ, ಆರು ತಿಂಗಳು ತಡೆಯಿರಿ, ಊರಿಗೆ ಬಂದೋಳು ನೀರಿಗೆ ಬಾರದೆ ಇರ್ತಾಳಾ ಎನ್ನುತ್ತಿದ್ದರು. ಕೆಲವರು ಕ್ಯಾಸೆಟ್ಟಿನ ನಕಲು ಮಾಡಿಸಿಕೊಂಡು ಸದ್ದಿಲ್ಲದೆ ಕೇಳುತ್ತಿದ್ದರು, ಕೇಳುತ್ತೇವೆ ಎಂದು ಒಪ್ಪಿಕೊಳ್ಳುತ್ತಿರಲಿಲ್ಲ. ಇನ್ನು ಕೆಲವರಿಗೆ ಉರಿ. ನಮ್ಮ ಮುಖ್ಯಾಧಿಕಾರಿ ಪಟ್ಟಾಭಿರಾಮಯ್ಯನವರು ಕೆಟ್ಟವರಲ್ಲ, ಆದರೆ ನಿಯಮದ ಪುಸ್ತಕವನ್ನು ದಿಂಬಿನ ಕೆಳಗಿಟ್ಟು ಮಲಗುವವರು. ಅವರು ನೋಟೀಸು ಹಚ್ಚಿಸಿದರು. ಕ್ಯಾಸೆಟ್ ಬಂದ ದಿನದಿಂದ ನಲವತ್ತನೇ ದಿನದೊಳಗೆ ಒಂಬತ್ತಕ್ಕೂ ಉಪಯೋಗ ದಾಖಲಾಗಬೇಕು. ಇಲ್ಲದಿದ್ದರೆ ಹೊಂಬಾಳಮ್ಮನ ಹೆಸರನ್ನು ಹಲಗೆಯಿಂದ ತೆಗೆಯಲಾಗುವುದು. ಒಂಬತ್ತರ ಜೊತೆಗೆ ಹಳೆಯ ಮುನ್ನೂರ ಹನ್ನೆರಡೂ ಹೋಗುತ್ತವೆ ಎಂದು ನೋಟೀಸಿನಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಜವರಮ್ಮ ಅವತ್ತೇ ಹೊಂಬಾಳಮ್ಮನ ಜಗಲಿ ಹತ್ತಿದಳು. ನೋಟೀಸಿನ ಪ್ರತಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ಜವರಮ್ಮನ ಗಂಡ ತೀರಿಕೊಂಡ ವರ್ಷ ಹೊಂಬಾಳಮ್ಮ ಅವಳಿಗೆಂದೇ ಹೆಪ್ಪಿನ ಹಾಡು ಕಟ್ಟಿಕೊಟ್ಟಿದ್ದರು. ಬೆಳಿಗ್ಗೆ ಕಾಯಿಸಿದ ಹಾಲು ಹತ್ತು ಗಂಟೆಗೆ ಮೊಸರಾಗಿ ಮಾರಾಟವಾಗಿಬಿಡುತ್ತಿತ್ತು. ಅದರಲ್ಲೇ ಮೂರು ಹೆಣ್ಣುಮಕ್ಕಳು ಬೆಳೆದವು.

"ಹೊಂಬಾಳಕ್ಕ, ನಿನ್ನ ಒಂಬತ್ತಕ್ಕೋಸ್ಕರ ನನ್ನ ಒಂದು ಹೋಗ್ಬೇಕಾ?" ಎಂದಳು. "ನೀನೇ ಕೊಟ್ಟ ಬದುಕಿಗೆ ನೀನೇ ಹುಳಿ ಹಿಂಡ್ತಿದ್ದೀಯಲ್ಲ. ಏನಾದ್ರೂ ಒಂದು ಉಪಯೋಗ ಹೇಳ್ಬಿಡು, ನಿನ್ನ ಗಂಟೇನು ಹೋಗ್ತದೆ?"

"ಕೂತ್ಕೋ ಜವರಿ."

"ನಾ ಕೂರಾಕೆ ಬಂದಿಲ್ಲ."

"ನಿಂತೇ ಕೇಳು ಹಂಗಾರೆ. ಐವತ್ತು ವರ್ಷ ನನ್ನ ಹಾಡನ್ನ ದುಡಿಸ್ದೆ. ಬೀಗ ತೆಗಿ ಅಂದೆ, ತೆಗೀತು. ಹೆಪ್ಪು ಹಾಕು ಅಂದೆ, ಹಾಕ್ತು. ಎತ್ತಿಗೂ ವರ್ಷಕ್ಕೊಂದಿನ ನೊಗ ಇಳಿಸಿ ಮೈ ತೊಳೆದು ಬಿಡ್ತೀವಿ, ಅಲ್ವಾ? ನನಗೂ ನೊಗ ಇಲ್ಲದ ಒಂದು ಹಾಡು ಬೇಕಿತ್ತು. ಕಟ್ಕೊಂಡೆ. ಹನ್ನೊಂದು ವರ್ಷ ಹಿಡೀತು. ಕೆಲಸ ಮಾಡೋ ಹಾಡು ಒಂದು ವಾರದಲ್ಲಿ ಆಗ್ತದೆ ಕಣೇ, ಇದು ಆಗಲ್ಲ. ಕಟ್ತಾ ಕಟ್ತಾನೇ ಯಾವುದಕ್ಕಾದ್ರೂ ಬಂದ್ಬಿಡ್ತದೆ. ಐದನೇದು ಒಂದ್ಸಲ ದೀಪ ಹಚ್ಚಾಕೆ ಶುರು ಮಾಡ್ತು. ಹರಿದು ಹಾಕಿ ಮತ್ತೆ ಮಾಡ್ದೆ."

"ನನ್ನ ಮಕ್ಳಿಗೆ ಏನು ಹೇಳ್ಲಿ?"

ಹೊಂಬಾಳಮ್ಮ ಅವಳ ಕೈ ಹಿಡಿಯಹೋದರು. ಜವರಮ್ಮ ಅಳುತ್ತಾ ಹೋದಳು. ನಾನು ನೋಟೀಸು ಜಗಲಿಯ ಮೇಲಿಟ್ಟು ಬಂದೆ.

ಹೊಂಬಾಳಮ್ಮನ ಮೇಲೆ ಪ್ರೀತಿ ಇದ್ದವರು ಸುಮ್ಮನಿರಲಿಲ್ಲ. ಒಬ್ಬೊಬ್ಬರೇ ನನ್ನ ಮೇಜಿಗೆ ಬಂದು ಸುಳ್ಳು ಹೇಳತೊಡಗಿದರು. ಒಂದನೇ ಹಾಡಿಗೆ ಹಲ್ಲುನೋವು ಹೋಯಿತು ಎಂದ ಒಬ್ಬ, ಅವನ ಕೆನ್ನೆ ಇನ್ನೂ ಊದಿತ್ತು. ಆರನೆಯದಕ್ಕೆ ಬೆಂಡೆಗಿಡ ಕಾಯಿ ಬಿಟ್ಟಿತು ಎಂದಳು ಒಬ್ಬಳು, ಬೆಂಡೆ ಬಿಡುವ ಕಾಲವೇ ಅದು. ಗಫೂರ್ ಸಾಬರಂತೂ ಒಂದು ಸೈಕಲ್ ಚಕ್ರವನ್ನೇ ಹೊತ್ತು ತಂದರು.

"ಚೆಲುವಯ್ಯನೋರೆ, ಡೊಂಕಾಗಿತ್ತು. ಐದನೇ ಹಾಡು ಹಾಕ್ದೆ ನೋಡಿ, ದಾರ ಹಿಡಿದಂಗೆ ನೆಟ್ಟಗಾಯ್ತು. ಬರ್ಕೊಳ್ಳಿ, ಚಕ್ರಕ್ಕೆ."

ಅವರ ಅಂಗಿಯ ಜೇಬಿನಿಂದ ಕಡ್ಡಿ ಬಿಗಿಯುವ ಕೀಲಿ ಇಣುಕುತ್ತಿತ್ತು, ಬೆರಳಿಗೆ ಗ್ರೀಸು ಮೆತ್ತಿತ್ತು. ನಾನು ನೋಡಿದೆ ಎಂದು ಅವರಿಗೂ ಗೊತ್ತು. ಆದರೂ ಕಣ್ಣು ತಪ್ಪಿಸಲಿಲ್ಲ. ನಾನು ಪೆನ್ನು ತೆಗೆದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಸುಳ್ಳು ಬರೆಯುವವನಿದ್ದೆ. ಒಂಬತ್ತು ಸುಳ್ಳಿಗೆ ಮುನ್ನೂರ ಹನ್ನೆರಡು ಹಾಡು ಉಳಿಯುತ್ತವೆ, ಜವರಮ್ಮನ ಮೊಸರು ಉಳಿಯುತ್ತದೆ, ಮುದುಕಿಯ ಹೆಸರು ಉಳಿಯುತ್ತದೆ. ಆದರೂ ಒಂದು ಮಾತು ಕೇಳಿಯೇ ಬರೆಯೋಣ ಎಂದು ಹೊಂಬಾಳಮ್ಮನಿಗೆ ಹೇಳಿ ಕಳಿಸಿದೆ. ಅದೇ ನಾನು ಮಾಡಿದ ತಪ್ಪು.

ಅವರು ಕಚೇರಿಗೆ ಬರಲಿಲ್ಲ, ನೇರ ಸೈಕಲ್ ಶಾಪಿಗೆ ಹೋದರು. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಚಕ್ರವನ್ನು ಕಟ್ಟೆಯ ಅಂಚಿಗೆ ಒರಗಿಸಿ, ಸೀರೆ ಎತ್ತಿ ಕಟ್ಟಿ, ಎಪ್ಪತ್ತಾರು ವರ್ಷದ ಕಾಲಿನಿಂದ ಒದೆಯುತ್ತಿದ್ದರು. ಮೂರನೇ ಒದೆತಕ್ಕೆ ಚಕ್ರ ಹಪ್ಪಳದ ಹಾಗೆ ಮಡಚಿತು.

"ಈಗ ಹಾಕು ಗಫೂರ, ನಿನ್ನ ಐದನೇ ಹಾಡು. ನೆಟ್ಟಗಾಗ್ತದಾ ನೋಡಾಣ."

"ಅಮ್ಮಾ, ನಿಮ್ಮ ಒಳ್ಳೇದಕ್ಕೇ ಅಲ್ವಾ ಹೇಳಿದ್ದು," ಎಂದರು ಗಫೂರ್ ಸಾಬರು ಅಳುಮುಖ ಮಾಡಿಕೊಂಡು.

"ಗೊತ್ತು ಕಣಪ್ಪ. ಅದಕ್ಕೇ ಚಕ್ರಕ್ಕೆ ಒದ್ದೆ, ನಿನಗೆ ಒದೀಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಕಚೇರಿ ನಿಂದು. ನನ್ನ ಹಾಡನ್ನ ಹಲ್ಲುನೋವಿನ ಲೇಪ ಮಾಡಿ ಉಳಿಸ್ತೀಯ? ಅಳಿಸು ಹೆಸರು. ಸುಳ್ಳಿನ ಮೇಲೆ ನಿಂತ ಹೆಸರು ನಂಗ್ಯಾಕೆ?"

ಮನೆಗೆ ಹೋಗುವಾಗ ಕುಂಟುತ್ತಿದ್ದರು. ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದರು.

ನಲವತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಕಚೇರಿಯ ಸಭಾಂಗಣದಲ್ಲಿ ಬೆಂಚು ಸಾಲದೆ ಜನ ಕಿಟಕಿಯ ಮೇಲೆ ಕೂತರು. ಪಟ್ಟಾಭಿರಾಮಯ್ಯನವರು ಒಂದು ಅವಕಾಶ ಕೊಟ್ಟರು. ಕ್ಯಾಸೆಟ್ಟಿನಲ್ಲಿ ಏನಾದರೂ ದೋಷವಿದ್ದೀತು, ಅಮ್ಮನವರು ಎಲ್ಲರೆದುರು ಸ್ವತಃ ಹಾಡಲಿ, ಮೇಜಿನ ಮೇಲಿನ ಒಂದೇ ಒಂದು ವಸ್ತು ಅಲುಗಿದರೂ ಸಾಕು, ಉಳಿದದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ನಾನು ಪೆಟ್ಟಿಗೆಯಿಂದ ತಂದ ಬೀಗ, ಹಾಲು, ಹಗ್ಗ, ಬಾಳೆ, ತೊಗರಿ, ಟ್ಯೂಬು ಜೋಡಿಸಿದೆ. ತಾಯಿಯೊಬ್ಬಳು ತನ್ನ ಕೂಸನ್ನು ಪಕ್ಕದ ಚಾಪೆಯ ಮೇಲೆ ಮಲಗಿಸಿದಳು. ಹೊಂಬಾಳಮ್ಮ ಹಾರ್ಮೋನಿಯಂ ಮುಂದೆ ಕೂತು, "ಇದು ಹೊಂಬಾಳಮ್ಮನ ಹಾಡು," ಎಂದು ತಮ್ಮ ಹೆಸರನ್ನು ತಾವೇ ಹಿಡಿದು ಶುರು ಮಾಡಿದರು.

ಧ್ವನಿ ಮೊದಲಿನ ಹಾಗಿರಲಿಲ್ಲ. ಮೇಲಕ್ಕೆ ಹೋದರೆ ಒಡೆಯುತ್ತಿತ್ತು, ಒಡೆದದ್ದನ್ನು ಅವರು ಮುಚ್ಚುತ್ತಲೂ ಇರಲಿಲ್ಲ. ಒಂಬತ್ತನ್ನೂ ಹಾಡಿದರು, ನಡುವೆ ಒಂದು ಸಲ ನೀರು ಕುಡಿದರು. ಹನ್ನೆರಡೂವರೆಗೆ ಎಣ್ಣೆ ಮಿಲ್ಲು ಊಟಕ್ಕೆ ಕೂಗಿತು. ಆ ಕೂಗಿಗೆ ಊರಿನಲ್ಲಿ ಯಾರೂ ಕೂತಲ್ಲಿ ಕೂರುವುದಿಲ್ಲ. ಅವತ್ತು ಒಬ್ಬರೂ ಏಳಲಿಲ್ಲ. ಹಾಡು ಮುಗಿದ ಮೇಲೂ ಏಳಲಿಲ್ಲ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಹಾಲು ಹಾಲಾಗಿಯೇ ಇತ್ತು. ಕೂಸು ನಿದ್ದೆ ಮಾಡಲಿಲ್ಲ, ಅಳಲೂ ಇಲ್ಲ. ತನ್ನ ಕಾಲಿನ ಹೆಬ್ಬೆರಳು ಚೀಪುತ್ತಾ ಮಲಗಿತ್ತು.

ಪಟ್ಟಾಭಿರಾಮಯ್ಯನವರು ಮೇಜು ನೋಡಿದರು, ಗಡಿಯಾರ ನೋಡಿದರು, ಜನರನ್ನು ನೋಡಿದರು. ಥಟ್ಟನೆ ಅವರ ಮುಖ ಅರಳಿತು. "ಚೆಲುವಯ್ಯ, ಬರ್ಕೊಳ್ಳಿ! ಮಿಲ್ಲು ಕೂಗಿದ್ರೂ ಒಬ್ರೂ ಎದ್ದಿಲ್ಲ, ನೋಡಿದ್ರಾ? ಒಂದರಿಂದ ಒಂಬತ್ತು, ಜನರನ್ನು ಕೂರಿಸುವುದಕ್ಕೆ. ರೇಷನ್ ಅಂಗಡಿ ಮುಂದೆ ಹಾಕ್ಬಹುದು, ಸ್ಕೂಲಲ್ಲಿ ಹಾಕ್ಬಹುದು. ಅಬ್ಬ, ಎಂಥ ಉಪಯೋಗ!"

ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಕೆಲವರು ಚಪ್ಪಾಳೆ ತಟ್ಟಿದರು. ಹೆಸರು ಉಳಿಯಿತು, ಹಾಡುಗಳು ಉಳಿದವು, ಯಾರೂ ಸುಳ್ಳು ಹೇಳಬೇಕಾಗಲಿಲ್ಲ. ನನಗೂ ಎದೆ ಹಗುರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಪುಸ್ತಕ ತೆರೆದೆ. ಆಗ ಹೊಂಬಾಳಮ್ಮನ ಮುಖ ನೋಡಿದೆ. ಪಾಪ ಎಂದಾಗ, ಬೈದಾಗ, ನೋಟೀಸು ಬಂದಾಗ ಅಲುಗದ ಆ ಹೆಂಗಸಿನ ಕಣ್ಣಲ್ಲಿ ನೀರು ತುಂಬಿತ್ತು.

"ಬೇಡ," ಎಂದರು. "ನಾಳೆಯಿಂದ ಮಕ್ಕಳು ಮಿಸುಕದ ಹಾಗೆ ಇದನ್ನ ಸ್ಕೂಲಲ್ಲಿ ಹಾಕ್ತೀರಿ. ಸೀಮೆಎಣ್ಣೆ ಸಾಲಲ್ಲಿ ಹಾಕ್ತೀರಿ. ಗೋಡೆ ಮೇಲಿನ ಬಿಸಿಲನ್ನ ತಗೊಂಡು ಜನರನ್ನ ಕಟ್ಟಿಹಾಕೋ ಹಗ್ಗ ಮಾಡ್ತೀರಿ. ನಾನು ಹಂಗೆ ಕಟ್ಟಿಲ್ಲ ಸ್ವಾಮಿ. ನನ್ನ ಹಾಡು ಯಾರನ್ನೂ ಹಿಡಿದು ಕೂರಿಸಿಲ್ಲ."

"ಕೂತಿದ್ದಾರಲ್ಲಮ್ಮ, ಕಣ್ಣೆದುರಿಗೇ ಇದೆ!"

ಮೊದಲನೇ ಬೆಂಚಿನಿಂದ ಜವರಮ್ಮ ಎದ್ದಳು. ಇವಳು ಈಗ ಮುದುಕಿಯನ್ನು ಬೈಯುತ್ತಾಳೆ, ಬೈಯಲಿ, ಅವಳ ಹಕ್ಕು ಎಂದುಕೊಂಡೆ.

"ಸ್ವಾಮಿ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ," ಎಂದಳು. "ಮೊದಲನೇ ಹಾಡು ಕೇಳಿ ಎದ್ದೋಗಾಣ ಅಂತ. ಎರಡನೇದಕ್ಕೆ ಉಕ್ಕಿರ್ತದೆ ಅಂದ್ಕೊಂಡೆ. ನಾಲ್ಕನೇದಕ್ಕೆ ಸೀದಿರ್ತದೆ ಅಂದ್ಕೊಂಡೆ. ಎದ್ದೋಗ್ಬೋದಿತ್ತು. ಕಾಲು ನಂದು, ಬಾಗ್ಲು ತೆಗ್ದಿತ್ತು. ನಾ ಹೋಗ್ಲಿಲ್ಲ. ಹಾಡು ನನ್ನ ಕೂರಿಸ್ಲಿಲ್ಲ ಸ್ವಾಮಿ. ನಾನೇ ಕೂತೆ."

ಆಮೇಲೆ ಹೊಂಬಾಳಮ್ಮನ ಕಡೆ ತಿರುಗಿ, "ಹೊಂಬಾಳಕ್ಕ, ನಾಲ್ಕನೇದು ಇನ್ನೊಂದ್ಸಲ ಹಾಡು," ಎಂದಳು.

ಹೊಂಬಾಳಮ್ಮ ಹಾಡತೊಡಗಿದರು. ಜವರಮ್ಮ ಹಾಡಿನ ನಡುವೆಯೇ ಬೆಂಚು ದಾಟಿ, ಸಭಾಂಗಣ ದಾಟಿ, ಬಾಗಿಲಾಚೆ ಹೋಗಿ ಬಿಸಿಲಲ್ಲಿ ನಿಂತಳು. ಎಲ್ಲರೂ ನೋಡಿದರು. ಮತ್ತೆ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. ಗಫೂರ್ ಸಾಬರು ಎದ್ದರು. ಬಾಗಿಲಾಚೆ ಹೋದರು, ಬಂದು ಕೂತರು. ಆರು ತಿಂಗಳು ತಡೆಯಿರಿ ಎಂದಿದ್ದ ಮೇಷ್ಟ್ರು ಎದ್ದರು. ಹಲ್ಲುನೋವಿನವನು ಎದ್ದ. ಕೂಸಿನ ತಾಯಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಬಂದಳು. ಕಿಟಕಿಯ ಮೇಲೆ ಕೂತವರು ಹೊರಗೆ ಹಾರಿ ಬಾಗಿಲಿನಿಂದ ಒಳಗೆ ಬಂದರು. ನನ್ನ ಹೆಂಡತಿ ನನ್ನ ಮೇಜಿನ ಮುಂದೆಯೇ ಹಾದು ಹೋದಳು, ನನ್ನ ಕಡೆ ನೋಡಲೂ ಇಲ್ಲ. ಒಬ್ಬರು ಹೋಗಿ ಮನೆಗೆ ನಡೆದೇಬಿಟ್ಟರು, ಅವರಿಗೆ ನಿಜವಾಗಿಯೂ ಹಸಿವಾಗಿತ್ತು. ಉಳಿದವರೆಲ್ಲ ಹೋದರು, ಬಂದರು, ಕೂತರು. ಹಾಡು ತನ್ನ ಪಾಡಿಗೆ ನಡೆದಿತ್ತು.

"ಇದರ ಅರ್ಥ ಗೊತ್ತಾ ನಿಮಗೆ?" ಪಟ್ಟಾಭಿರಾಮಯ್ಯನವರು ಕುರ್ಚಿ ಬಿಟ್ಟು ಎದ್ದರು. "ಹೆಸರು ಹೋಗ್ತದೆ. ಹೆಪ್ಪಿನದು, ಪಂಕ್ಚರಿನದು, ಬಾವಿದು, ಎಲ್ಲ ಹೋಗ್ತದೆ. ನಿಮ್ಮ ಕೈಯಾರೆ ಕಳ್ಕೊತಿದ್ದೀರ."

"ಗೊತ್ತು ಸ್ವಾಮಿ," ಎಂದಳು ಜವರಮ್ಮ. "ನಮ್ಮತ್ತೆ ರಾತ್ರಿ ಹೆಪ್ಪಾಕಿ ಬೆಳಿಗ್ಗೆ ತೆಗೀತಿದ್ರು. ನಾನೂ ಹಂಗೇ ಮಾಡ್ತೀನಿ. ಕಷ್ಟ ಆಗ್ತದೆ, ಆಗ್ಲಿ. ಸುಳ್ಳು ಮಾತ್ರ ಬರ್ಕೋಬೇಡಿ."

ಪಟ್ಟಾಭಿರಾಮಯ್ಯನವರು ನನ್ನ ಕಡೆ ನೋಡಿದರು. ಕೊನೆಗೆ 'ಕೂರಿಸುವುದಕ್ಕೆ' ಎಂಬ ಒಂದು ಪದ ಪುಸ್ತಕದಲ್ಲಿ ಬೀಳಬೇಕಾದ್ದು ನನ್ನ ಕೈಯಿಂದ. ಪರೀಕ್ಷಕ ಬರೆದರೆ ಊರೆಲ್ಲ ಎದ್ದು ನಿಂತರೂ ಅದೇ ಊರ್ಜಿತ. "ಬರೀರಿ ಚೆಲುವಯ್ಯ, ಹಟ ಬೇಡ, ಅವರಿಗೆ ಒಳ್ಳೇದು ಮಾಡೋಣ," ಎಂದು ಮೆಲ್ಲಗೆ ಹೇಳಿದರು. ನಾನು ಬರೆದೆ. ಒಂದನೆಯದರ ಮುಂದೆ, 'ಏನೂ ಮಾಡುವುದಿಲ್ಲ.' ಎರಡನೆಯದರ ಮುಂದೆ, 'ಏನೂ ಮಾಡುವುದಿಲ್ಲ.' ಒಂಬತ್ತೂ ಸಾಲು ಅದನ್ನೇ ಬರೆದು, ಕೆಳಗೆ, 'ಪರೀಕ್ಷಿಸಿದ್ದೇನೆ. ಆಮೇಲೆ ಕೇಳಿದ್ದೇನೆ. ಮತ್ತೆಯೂ ಕೇಳುತ್ತೇನೆ,' ಎಂದು ಸೇರಿಸಿ ರುಜು ಹಾಕಿದೆ. ಅವರು ಓದಿದರು. "ನಾಳೆಯಿಂದ ನೀವು ಬರೋದು ಬೇಡ," ಎಂದರು. ನನ್ನ ಬೀಗ ಜೇಬಿಗೆ ಹಾಕಿಕೊಂಡು ಎದ್ದೆ.

ಸಂಜೆ ನಾಲ್ಕಕ್ಕೆ ಪೇಂಟರ್ ಬಂದು ಏಣಿ ಹತ್ತಿದ. ಹೊಂಬಾಳಮ್ಮನ ಹೆಸರು ಹಲಗೆಯ ಮೇಲಿನ ಸಾಲಿನಲ್ಲೇ ಇತ್ತು. ಅದರ ಮೇಲೆ ಎರಡು ಸಲ ಕರೀ ಬಣ್ಣ ಬಳಿದ. ಹೊಂಬಾಳಮ್ಮ ರಸ್ತೆಯ ಈಚೆ ನಿಂತು ಪೂರ್ತಿ ನೋಡಿದರು. "ಮೂಲೇಲಿ ಸ್ವಲ್ಪ ಉಳೀತು ನೋಡಪ್ಪ," ಎಂದು ತೋರಿಸಿಯೂ ಕೊಟ್ಟರು.

ಮಾರನೇ ಬೆಳಿಗ್ಗೆ ಗಫೂರ್ ಸಾಬರು ಬಾಂಡಲಿಯಲ್ಲಿ ನೀರು ತುಂಬಿಸಿ ಟ್ಯೂಬು ಅದ್ದಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು, ಅಂಗಿಯೆಲ್ಲ ತೊಯ್ದಿತ್ತು. ಕೀಲಿ ಕಳೆದವರು ಕಲ್ಲಿನಿಂದ ಬೀಗ ಬಡಿಯುವ ಸದ್ದು ಕೇರಿಯಲ್ಲೆಲ್ಲ ಕೇಳುತ್ತಿತ್ತು. ನಾನು ಮಾಡಲು ಕೆಲಸವಿಲ್ಲದೆ ಬೀಗ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದೆ. ಎದುರುಸಾಲಿನಲ್ಲಿ ಜವರಮ್ಮ ಮನೆಯ ಬಾಗಿಲನ್ನು ಹಾರುಹೊಡೆದಿಟ್ಟು, ಕಾಯಿಸಿದ ಹಾಲಿನ ಪಾತ್ರೆಯನ್ನು ನಡುಬೀದಿಗೆ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದು ಹೊಂಬಾಳಮ್ಮನ ಹಾಡು," ಎಂದು ಕೂಗಿದಳು. ಅಳಿಸಿದ ಹೆಸರು. ಬೀದಿಯಲ್ಲಿ ಓಡಾಡುತ್ತಿದ್ದವರು ನಿಂತರು. ಹೆಪ್ಪಿನ ಹಾಡು ಶುರು ಮಾಡುತ್ತಾಳೆ, ಹಿಡಿದುಹಾಕುತ್ತಾರೆ ಎಂದು ಜಗಲಿಯ ಅಂಚಿಗೆ ಸರಿದೆ. ಅವಳು ಹಾಡಿದ್ದು ಗೋಡೆಯ ಮೇಲಿನ ಬಿಸಿಲಿನ ಹಾಡು. ಹೆಸರು ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಏನೂ ಮಾಡದ ಹಾಡು. ಅದಕ್ಕೇ ಅವಳು ಹೆಸರು ಹಿಡಿದಿದ್ದಳು. ಕಚೇರಿಯ ಹಾದಿಯಲ್ಲಿದ್ದ ಪಟ್ಟಾಭಿರಾಮಯ್ಯನವರು ಓಡಿಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು. ಹಾಲು ಹಾಲಾಗಿಯೇ ಇತ್ತು. ಕೆಲಸವನ್ನೇ ಮಾಡದ ಹಾಡಿಗೆ ಯಾವ ನಿಯಮ ಹಾಕಬೇಕೋ ಅವರಿಗೆ ತಿಳಿಯಲಿಲ್ಲ.

ಸೈಕಲ್ ಶಾಪಿನಿಂದ ಗಫೂರ್ ಸಾಬರು, "ಇದು ಹೊಂಬಾಳಮ್ಮನ ಹಾಡು," ಎಂದು ಎರಡನೇ ಸಾಲಿಗೆ ಸೇರಿಕೊಂಡರು, ಕೈ ಬಾಂಡಲಿಯಲ್ಲೇ ಇತ್ತು. ಮೇಲಿನ ಮನೆಯಿಂದ ಯಾರೋ ಹೆಸರು ಹಿಡಿದರು, ಆಮೇಲೆ ಬಾವಿಕಟ್ಟೆಯಿಂದ. ನನ್ನ ಹೆಂಡತಿ ಒಳಗಿನಿಂದ ಬಂದು ಅರ್ಧ ತೆರೆದಿದ್ದ ನಮ್ಮ ಬೀದಿ ಬಾಗಿಲನ್ನು ಪೂರ್ತಿ ತೆರೆದಳು. ನಾನೂ ಎದ್ದು ನಿಂತು ಆ ಹೆಸರನ್ನು ಹಿಡಿದೆ, ಗಟ್ಟಿಯಾಗಿಯೇ ಹಿಡಿದೆ, ಹಾಡಿದೆ. ಬೀಗ ನನ್ನ ಕೈಯಲ್ಲೇ ಇತ್ತು. ತೆರೆಯಿತೋ ಇಲ್ಲವೋ, ನಾನು ನೋಡಲಿಲ್ಲ.